ಬಾಯಿಂದ ಮೈಕಿಗೆ ಒಂದು ಗೇಣು

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ಕೇಬಲ್ ಚಾನೆಲ್ ಇದೆ. ವಾರಕ್ಕೊಮ್ಮೆ ಒಂದು ಗಂಟೆಯ ಚರ್ಚಾ ಕಾರ್ಯಕ್ರಮ ಮಾಡುತ್ತೇವೆ. ಒಬ್ಬ ನಿರೂಪಕರು, ನಾಲ್ವರು ಅತಿಥಿಗಳು, ಎದುರಿಗೆ ಇಪ್ಪತ್ತೈದು ಮೂವತ್ತು ಜನ, ನಡುನಡುವೆ ಫೋನ್ ಕರೆ. ಕೋಣೆ ಮಹಡಿ ಮೇಲಿದೆ, 20 ಅಡಿಗೆ 30 ಅಡಿ, ಆರ್‌ಸಿಸಿ ಸೂರು ಹತ್ತು ಅಡಿ ಎತ್ತರ. ಪಕ್ಕದ ಕಟ್ಟಡದಲ್ಲಿ ರೇಷ್ಮೆ ರೀಲಿಂಗ್ ನಡೆಯುತ್ತದೆ. ನಿರೂಪಕರಿಗೂ ಒಬ್ಬ ಅತಿಥಿಗೂ ಕಾರ್ಡ್‌ಲೆಸ್ ಕಾಲರ್ ಮೈಕ್ ಇದೆ. ಉಳಿದ ಮೂವರಿಗೆ ಟೀಪಾಯಿ ಮೇಲೆ ಬಾಗುವ ಕತ್ತಿನ ಎರಡು ಗೂಸ್‌ನೆಕ್ ಮೈಕ್ ಇಟ್ಟಿದ್ದೇವೆ. ಮಾತು ಬಾವಿಯೊಳಗಿಂದ ಬಂದ ಹಾಗಿದೆ ಅಂತ ನೋಡುವವರೆಲ್ಲ ದೂರುತ್ತಾರೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ನೋಡಿದೆವು, ಏನೂ ಬದಲಾಗಲಿಲ್ಲ. ಈಗ ಒಂದೂವರೆ ಲಕ್ಷ ಹೊಂದಿಸಿದ್ದೇವೆ. ಪಾಡ್‌ಕಾಸ್ಟ್‌ಗಳಲ್ಲಿ ಮುಖದ ಮುಂದೆ ಕಾಣುವ ದೊಡ್ಡ ಮೈಕ್ ಐದು ತರೋಣವೇ? ಇಲ್ಲ ಸೂರಿನಿಂದ ಉದ್ದ ಕೊಳವೆಯ ಎರಡು ಶಾಟ್‌ಗನ್ ಮೈಕ್ ಇಳಿಬಿಡೋಣವೇ? ಆ ಮೊಟ್ಟೆ ಟ್ರೇಗಳನ್ನು ಏನು ಮಾಡೋಣ?

ಉತ್ತರ: ನೀವು ಕಳಿಸಿದ ಹದಿನೆಂಟು ನಿಮಿಷದ ತುಣುಕನ್ನು ಎರಡು ಸಲ ಕೇಳಿದೆ. ಮೊದಲು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಆಮೇಲೆ ಮನೆಯ ಹಾಲ್‌ನಲ್ಲಿ ಟಿವಿಗೆ ಹಾಕಿ, ಅಡುಗೆಮನೆಯಲ್ಲಿ ಚಟ್ನಿಗೆ ಮಿಕ್ಸಿ ತಿರುಗುತ್ತಿರುವಾಗ ಕೇಳಿದೆ. ಎರಡನೆಯದೇ ಸರಿಯಾದ ಪರೀಕ್ಷೆ, ಯಾಕೆಂದರೆ ನಿಮ್ಮ ಕಾರ್ಯಕ್ರಮ ನೋಡುವವರ ಮನೆಯಲ್ಲಿ ಮಿಕ್ಸಿಯೂ ತಿರುಗುತ್ತದೆ, ಮಕ್ಕಳೂ ಕೂಗುತ್ತಿರುತ್ತವೆ. ಆ ಗದ್ದಲದಲ್ಲೂ ನಿಮ್ಮ ನಿರೂಪಕರು ಹೇಳಿದ್ದು ಪೂರ್ತಿ ಅರ್ಥವಾಯಿತು. ಬಲಗಡೆ ಕೂತ ಮೂವರು ಹೇಳಿದ್ದರಲ್ಲಿ ಅರ್ಧ ಹಾರಿಹೋಯಿತು. ಕೋಣೆ ಒಂದೇ, ದಿನ ಒಂದೇ, ಮೈಕುಗಳ ಧ್ವನಿ ಕೂಡಿಸುವ ಮಿಕ್ಸರೂ ಒಂದೇ. ಬೇರೆ ಇದ್ದದ್ದು ಬಾಯಿಗೂ ಮೈಕಿಗೂ ನಡುವಿನ ದೂರ ಮಾತ್ರ.

ಹಾಗಾಗಿ ದೊಡ್ಡ ಮೈಕೂ ಬೇಡ, ಶಾಟ್‌ಗನ್ನೂ ಬೇಡ. ಐವರಿಗೂ ಕಾಲರ್ ಮೈಕ್ ಹಾಕಿ, ಅದರಲ್ಲಿ ಕೂತೇ ಇರುವ ನಾಲ್ವರಿಗೆ ತಂತಿ ಇರುವಂಥದ್ದು. ಟೀಪಾಯಿ ಮೇಲಿನ ಎರಡನ್ನೂ ಇವತ್ತೇ ಎತ್ತಿಡಿ. ಹಣ ಮೊದಲು ಮಿಕ್ಸರಿಗೆ, ಆಮೇಲೆ ಈ ಮೈಕುಗಳಿಗೆ, ಉಳಿದದ್ದು ಹಾಸಿಗೆ ಹೊಲಿಯುವವನಿಗೆ ಹೋಗಲಿ. ಹಾಸಿಗೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆ ಬಾವಿಯ ವಿಷಯ. ನಿಮ್ಮ ವೀಡಿಯೊದಲ್ಲಿ ಮಧ್ಯದಲ್ಲಿ ಕೂತ ರೈತ ಮುಖಂಡರನ್ನು ನೋಡಿ. ಅವರು ಸೋಫಾಕ್ಕೆ ಒರಗಿದಾಗ ಎಡಗಡೆಯ ಗೂಸ್‌ನೆಕ್ ಅವರ ಬಾಯಿಂದ ಸುಮಾರು ಮೂರು ಅಡಿ, ಬಲಗಡೆಯದು ನಾಲ್ಕು ಅಡಿ ದೂರದಲ್ಲಿದೆ. ಧ್ವನಿಯ ಜೋರನ್ನು ಅಳೆಯುವುದು ಡೆಸಿಬಲ್‌ನಲ್ಲಿ, ದೂರ ಎರಡರಷ್ಟಾದರೆ ಅದು 6 ಡೆಸಿಬಲ್ ಇಳಿಯುತ್ತದೆ. ಮೂರಕ್ಕೂ ನಾಲ್ಕಕ್ಕೂ ಆ ಲೆಕ್ಕದಲ್ಲಿ ಬರುವ ವ್ಯತ್ಯಾಸ ಎರಡೂವರೆ ಡೆಸಿಬಲ್ ಮಾತ್ರ. ಅಂದರೆ ಅವರ ಒಂದೇ ಮಾತು ಎರಡೂ ಮೈಕಿಗೆ ಹೆಚ್ಚುಕಡಿಮೆ ಒಂದೇ ಜೋರಿನಲ್ಲಿ ಹೋಗುತ್ತಿದೆ, ಆದರೆ ಎರಡನೆಯದಕ್ಕೆ ಒಂದು ಅಡಿಯಷ್ಟು ತಡವಾಗಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಒಂದು ಅಡಿ ದಾಟಲು ಒಂದು ಮಿಲಿಸೆಕೆಂಡಿಗಿಂತ ತುಸು ಕಡಿಮೆ ಸಾಕು. ಕಿವಿಗೆ ಅದು ಎರಡು ಮಾತಾಗಿ ಕೇಳಿಸುವುದಿಲ್ಲ. ಆದರೆ ಮಿಕ್ಸರಿನಲ್ಲಿ ಎರಡೂ ಕೂಡಿದಾಗ ಸುಮಾರು 560 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), 1700, 2800 ಹೀಗೆ ಕೆಲವು ಜಾಗಗಳಲ್ಲಿ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಧ್ವನಿ ಸೊರಗಿಹೋಗುತ್ತದೆ. ಬಾಚಣಿಗೆಯ ಹಲ್ಲುಗಳ ನಡುವಿನ ಸಂದಿನ ಹಾಗೆ. ಕನ್ನಡದ ಸ್ವರವ್ಯಂಜನಗಳ ಗುರುತು ಇರುವುದೇ ಆ ಸೀಮೆಯಲ್ಲಿ. ಧ್ವನಿಯ ತಗ್ಗು, ಕೀಚಲು ಪಾಲನ್ನು ಹೆಚ್ಚುಕಡಿಮೆ ಮಾಡುವ ಈಕ್ವಲೈಸರ್ ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಅತಿಥಿ ಮುಂದೆ ಬಾಗಿದರೆ ಸಂದುಗಳೂ ಜಾಗ ಬದಲಿಸುತ್ತವೆ.

ಇದಕ್ಕೆ ಹಳೆಯ ಲೆಕ್ಕವೊಂದಿದೆ: ಒಂದಕ್ಕೆ ಮೂರು. ಮೈಕ್ ಬಾಯಿಂದ ಒಂದು ಗೇಣು ದೂರದಲ್ಲಿದ್ದರೆ ಪಕ್ಕದ ಮೈಕ್ ಈ ಮೈಕಿನಿಂದ ಕಡೇಪಕ್ಷ ಮೂರು ಗೇಣು ದೂರವಿರಬೇಕು. ನಮ್ಮ ಗೇಣು ಮೊಳದ ಅಳತೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಟೇಪು ಬೇಕಾಗಿಲ್ಲ. ಕಾಲರ್ ಮೈಕು ಬಾಯಿಂದ ಒಂದು ಗೇಣು ಕೆಳಗೆ, ಅಂದಾಜು 20 ಸೆಂಟಿಮೀಟರ್. ಪಕ್ಕದವರ ಮೈಕು ಒಂದು ಮೀಟರ್ ಆಚೆ. ಐದು ಪಟ್ಟು ದೂರ, 14 ಡೆಸಿಬಲ್ ವ್ಯತ್ಯಾಸ. ಆಗ ಬಾಚಣಿಗೆಯ ಸಂದುಗಳು ಇದ್ದರೂ ಕಿವಿಗೆ ಬೀಳುವಷ್ಟು ಆಳವಿರುವುದಿಲ್ಲ. ಟೀಪಾಯಿಯ ಮೈಕಿನಲ್ಲಿ ಈ ಲೆಕ್ಕ ಸರಿಹೊಂದಿಸಬೇಕಾದರೆ ಅತಿಥಿಗಳನ್ನು ಒಬ್ಬೊಬ್ಬರನ್ನೂ ಒಂಬತ್ತು ಅಡಿ ದೂರ ಕೂರಿಸಬೇಕು. ಆಮೇಲೆ ಅದು ಚರ್ಚೆಯಲ್ಲ, ಪರೀಕ್ಷಾ ಕೊಠಡಿ. ಟೀಪಾಯಿ ಮೇಲೆ ಕಾಫಿ ಲೋಟ ಇಟ್ಟಾಗಲೆಲ್ಲ ಢಂ ಅಂತ ಬರುತ್ತದಲ್ಲ, ಅದೂ ಇದರ ಜೊತೆಗೇ ಹೋಗುತ್ತದೆ.

ಪಾಡ್‌ಕಾಸ್ಟಿನ ದೊಡ್ಡ ಮೈಕಿನ ಆಸೆ ನನಗೆ ಅರ್ಥವಾಗುತ್ತದೆ. ಶೂರ್‌ನ ಎಸ್‌ಎಂ7ಬಿ ಥರದ್ದು ನೋಡಲೂ ಗತ್ತು, ಧ್ವನಿಯೂ ಗತ್ತು. 1973ರಲ್ಲಿ ಬಂದ ಎಸ್‌ಎಂ7ರ ಮುಂದಿನ ಪೀಳಿಗೆ ಅದು, ರೇಡಿಯೊ ಕೋಣೆಯಲ್ಲಿ ಮೈಕಿಗೆ ಮುಖ ಕೊಟ್ಟು ಕೂತವರಿಗೆ ಒಳ್ಳೆಯದು. ಕಷ್ಟ ಇರುವುದು ಇಲ್ಲಿ: ಅದು ಬಾಯಿಂದ ನಾಲ್ಕು ಬೆರಳು ದೂರದಲ್ಲಿದ್ದರೆ ಮಾತ್ರ ಅದರ ಗುಣ ಕಾಣುತ್ತದೆ. ಗೇನ್ ಕೂಡ, ಅಂದರೆ ಮಿಕ್ಸರಿನಲ್ಲಿ ಧ್ವನಿಯನ್ನು ಎತ್ತುವುದು, ವಿಪರೀತ ಬೇಡುತ್ತದೆ, ಸುಮಾರು 60 ಡೆಸಿಬಲ್. ಅಗ್ಗದ ಮಿಕ್ಸರಿನಲ್ಲಿ ಅಷ್ಟು ಎತ್ತಿದರೆ ಮಾತಿಗಿಂತ ಮೊದಲು ಸೊಯ್ಯೆನ್ನುವ ಸದ್ದು ಬರುತ್ತದೆ. ಇದೆಲ್ಲ ಹೋಗಲಿ, ನಿಮ್ಮ ಅತಿಥಿಗಳು ಯಾರು? ಗೂಡಿನ ಮಾರುಕಟ್ಟೆಯ ವ್ಯಾಪಾರಿ, ಡೇರಿ ಕಾರ್ಯದರ್ಶಿ, ಅಂಗನವಾಡಿ ಕಾರ್ಯಕರ್ತೆ, ಎಲ್ಲೋ ಒಬ್ಬ ಶಾಸಕ. ಶಾಸಕರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಮುಖದ ಮುಂದೆ ಅಂಥದ್ದೊಂದು ವಸ್ತು ಬಂದ ಕೂಡಲೇ ಹಿಂದಕ್ಕೆ ಸರಿಯುತ್ತಾರೆ. ಪಕ್ಕದವರ ಕಡೆ ತಿರುಗಿ ತೆಲುಗಿನಲ್ಲಿ ಒಂದು ಮಾತು ಹೇಳಿ ನಗುತ್ತಾರೆ, ನಿಮ್ಮ ಕಡೆಯ ಚರ್ಚೆಯ ರುಚಿ ಇರುವುದೇ ಅಲ್ಲಿ. ಆ ಮಾತು ದೊಡ್ಡ ಮೈಕಿಗೆ ಬೀಳುವುದೇ ಇಲ್ಲ. ಎದೆಯ ಮೇಲಿನ ಮೈಕ್ ಎತ್ತ ತಿರುಗಿದರೂ ಜೊತೆಗೇ ತಿರುಗುತ್ತದೆ.

ಶಾಟ್‌ಗನ್ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಅದರ ಉದ್ದ ಕೊಳವೆ ಪಕ್ಕದಿಂದ ಬರುವ ಶಬ್ದವನ್ನು ಕೊಲ್ಲುವುದು ಬಯಲಲ್ಲಿ. ಹತ್ತು ಅಡಿಯ ಆರ್‌ಸಿಸಿ ಸೂರಿನ ಕೆಳಗೆ ಅದೇ ಮಾತು ಸೂರಿಗೆ, ಗೋಡೆಗೆ ಬಡಿದು ಹತ್ತು ದಿಕ್ಕಿನಿಂದ ವಾಪಸು ಬರುವಾಗ ಕೊಳವೆ ಗೊಂದಲಕ್ಕೆ ಬೀಳುತ್ತದೆ, ಧ್ವನಿಯ ಬಣ್ಣ ಕೆಡುತ್ತದೆ. ಕೋಣೆಯೊಳಗೆ ಮೇಲಿಂದ ಇಳಿಬಿಡಲೇಬೇಕು ಅಂದರೆ ಹೈಪರ್‌ಕಾರ್ಡಿಯಾಯ್ಡ್ ಅನ್ನುವ ಗಿಡ್ಡ ಮೈಕ್ ಮೇಲು. ಅದನ್ನೂ ನಿಮ್ಮ ವೈಡ್ ಶಾಟಿನಲ್ಲಿ ಕಾಣದ ಹಾಗೆ ಎತ್ತರಿಸಿದರೆ ತಲೆಯಿಂದ ಮೂರ್ನಾಲ್ಕು ಅಡಿ ಮೇಲೆ ಹೋಗುತ್ತದೆ. ಮತ್ತೆ ಅದೇ ಬಾವಿ.

ಈಗ ತಂತಿ. ಕೂತ ಜಾಗದಿಂದ ಒಂದು ಗಂಟೆ ಏಳದ ಮನುಷ್ಯನಿಗೆ ಕಾರ್ಡ್‌ಲೆಸ್ ಯಾಕೆ ಬೇಕು? ನನ್ನನ್ನು ಕೇಳಿದವರಿಗೆಲ್ಲ ನಾನು ಕೇಳುವ ಮರುಪ್ರಶ್ನೆ ಇದು. ತಂತಿಯ ಕಾಲರ್ ಮೈಕಿಗೆ ಬ್ಯಾಟರಿ ಮುಗಿಯುವ ಭಯವಿಲ್ಲ, ಮಿಕ್ಸರು ಅದೇ ತಂತಿಯಲ್ಲಿ ಕಳಿಸುವ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್, ಸಾಕು. ಬೇರೆಯವರ ವೈಫೈ ಅಡ್ಡ ಬರುವುದಿಲ್ಲ. ಸೋನಿಯ ಇಸಿಎಂ-77ಬಿ ಥರದವು ಎಷ್ಟೋ ವರ್ಷಗಳಿಂದ ಟಿವಿ ಸ್ಟುಡಿಯೊಗಳಲ್ಲಿ ದುಡಿಯುತ್ತಿವೆ. ನಿಮ್ಮ ಹಣಕ್ಕೆ ಅದೇ ಬೇಕೆಂದಿಲ್ಲ, ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ, ಫ್ಯಾಂಟಮ್‌ನಲ್ಲಿ ನಡೆಯುವ ಯಾವುದೇ ಓಮ್ನಿ, ಅಂದರೆ ಎಲ್ಲ ದಿಕ್ಕಿನ ಧ್ವನಿ ಹಿಡಿಯುವ, ಕಾಲರ್ ಮೈಕ್ ಆದೀತು. ಮೊಬೈಲಿಗೆ ಸಿಕ್ಕಿಸುವ, ಗುಂಡಿ ಬ್ಯಾಟರಿಯ ಕಾಲರ್ ಮೈಕನ್ನು ಮಾತ್ರ ಕನ್ವರ್ಟರ್ ಹಾಕಿ ಮಿಕ್ಸರಿಗೆ ಚುಚ್ಚಬೇಡಿ. ಅದರ ತಂತಿ ದಾರಿಯಲ್ಲಿ ಸೇರುವ ಸದ್ದನ್ನು ಕಳೆಯುವ ಬ್ಯಾಲೆನ್ಸ್ಡ್ ತಂತಿ ಅಲ್ಲ, ಹತ್ತಾರು ಅಡಿ ಎಳೆದರೆ ಗುಂಯ್ ಅನ್ನುವ ಕರೆಂಟಿನ ಸದ್ದು ಹಿಡಿದುಕೊಂಡು ಬರುತ್ತದೆ.

ಓಮ್ನಿಯೇ ಯಾಕೆ, ಒಂದೇ ದಿಕ್ಕಿನದು ಹೆಚ್ಚು ಶುದ್ಧವಲ್ಲವೇ ಅಂತ ಅಂಗಡಿಯವರು ಹೇಳಬಹುದು. ಒಂದೇ ದಿಕ್ಕಿನ ಕಾಲರ್ ಮೈಕ್ ಅತಿಥಿ ಕತ್ತು ಹೊರಳಿಸಿದ ಕೂಡಲೇ ಧ್ವನಿ ಬಿಟ್ಟುಬಿಡುತ್ತದೆ. ಬಟ್ಟೆಯ ಸರಬರ ಸದ್ದನ್ನೂ ಉಸಿರನ್ನೂ ಹೆಚ್ಚು ಹಿಡಿಯುತ್ತದೆ. ಅದು ಬೇಕಾಗುವುದು ಎದುರಿಗೆ ಸ್ಪೀಕರ್ ಇಟ್ಟು ಕೂಯ್ ಅನ್ನುವ ಸಭಾಂಗಣದಲ್ಲಿ. 20 ಅಡಿಗೆ 30 ಅಡಿಯ ಕೋಣೆಯಲ್ಲಿ ಮೂವತ್ತು ಜನಕ್ಕೆ ಸ್ಪೀಕರೇ ಬೇಡ. ವೀಡಿಯೊದ ಮೂಲೆಯಲ್ಲಿ ಸ್ಟ್ಯಾಂಡ್ ಮೇಲಿರುವ ಆ ಬಾಕ್ಸ್ ಸ್ಪೀಕರ್ ಆನ್ ಆಗಿತ್ತು ಅಂತ ಅನುಮಾನ, ಅದನ್ನು ಆರಿಸಿ. ಬಾವಿಯ ಕಾಲು ಭಾಗ ಅಲ್ಲೇ ಇದೆ.

ನಿರೂಪಕರು ಎದ್ದು ಪ್ರೇಕ್ಷಕರ ಕಡೆ ಹೋಗುವುದರಿಂದ ಅವರಿಗೆ ಕಾರ್ಡ್‌ಲೆಸ್ ಇರಲಿ. ನಿಮ್ಮದು 2.4 ಗಿಗಾಹರ್ಟ್ಸ್ ಸೆಟ್, ಅಂದರೆ ವೈಫೈ ಓಡಾಡುವ ದಾರಿಯಲ್ಲೇ ಅದೂ ಓಡಾಡುತ್ತದೆ. ಒಂಬತ್ತನೇ ನಿಮಿಷದಲ್ಲಿ ಅವರು ಬೆನ್ನು ತಿರುಗಿಸಿದಾಗ ಮಾತು ತುಂಡಾಗಿದೆ ನೋಡಿ. ಮೈಯೊಳಗಿನ ನೀರು ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ, ಸೊಂಟಕ್ಕೆ ಸಿಕ್ಕಿಸುವ ಬೆಲ್ಟ್‌ಪ್ಯಾಕ್ ಒಂದು ಪಕ್ಕ, ಅದರ ಅಲೆ ಹಿಡಿಯುವ ರಿಸೀವರ್ ಇನ್ನೊಂದು ಪಕ್ಕ ಇದ್ದರೆ ನಡುವೆ ಇರುವ ಮನುಷ್ಯನೇ ಗೋಡೆ. ರಿಸೀವರನ್ನು ಕ್ಯಾಮೆರಾ ಹಿಂದಿನ ಮೇಜಿನಿಂದ ಎತ್ತಿ, ಅವರು ಓಡಾಡುವ ಜಾಗ ಕಾಣುವ ಹಾಗೆ ತಲೆಗಿಂತ ಎತ್ತರದಲ್ಲಿ ಕಟ್ಟಿ. ರೌಟರಿನಿಂದ ದೂರ ಇರಲಿ. ಮುಂದೆಂದಾದರೂ ಯುಎಚ್‌ಎಫ್ ಅನ್ನುವ ಬೇರೆ ರೇಡಿಯೊ ಅಲೆಯ ಕಾರ್ಡ್‌ಲೆಸ್ ಸೆಟ್‌ಗಳನ್ನು ತಂದು ಮೂರ್ನಾಲ್ಕು ಒಟ್ಟಿಗೆ ಓಡಿಸುವುದಾದರೆ ಒಂದು ಕಿವಿಮಾತು: ಫ್ರೀಕ್ವೆನ್ಸಿಗಳನ್ನು ಸಮ ಅಂತರದಲ್ಲಿ ಇಡಬೇಡಿ. 605, 605.5, 606 ಮೆಗಾಹರ್ಟ್ಸ್ ಅಂತ ಇಟ್ಟರೆ ಮೊದಲ ಎರಡೂ ಕೂಡಿ ಹುಟ್ಟಿಸುವ ಕಳ್ಳ ಅಲೆ ನೆಟ್ಟಗೆ 606ರ ಮೇಲೆ ಬೀಳುತ್ತದೆ. ಅಂಗಡಿಯವರು ಸಾಲಾಗಿ ಜೋಡಿಸಿಕೊಟ್ಟಿದ್ದನ್ನು ನಾನು ಎರಡು ಸಲ ಬಿಚ್ಚಿ ಬದಲಿಸಿದ್ದೇನೆ.

ಇನ್ನು ಮೈಕನ್ನು ಎಲ್ಲಿ ಸಿಕ್ಕಿಸುವುದು. ಹೊರಗಿನವರು ಬರೆದ ಪಾಠಗಳಲ್ಲಿ ಇದಕ್ಕೆ ಒಂದೇ ಚಿತ್ರ ಇರುತ್ತದೆ, ಕೋಟು ಟೈ ಹಾಕಿದ ಗಂಡಸು. ಅಂಥವರು ನಿಮ್ಮಲ್ಲಿಗೆ ತಿಂಗಳಿಗೊಬ್ಬರು ಬಂದರೆ ಹೆಚ್ಚು. ಅಂಗಿ ಹಾಕಿದವರಿಗೆ ಮೇಲಿಂದ ಎರಡನೇ ಗುಂಡಿ ಮೂರನೇ ಗುಂಡಿಯ ನಡುವಿನ ಪಟ್ಟಿ ಸರಿಯಾದ ಜಾಗ. ಇನ್ನೂ ಮೇಲೆ, ಕಾಲರಿಗೇ ಸಿಕ್ಕಿಸಿದರೆ ಗಲ್ಲದ ನೆರಳಿಗೆ ಬಿದ್ದು ಧ್ವನಿ ಮಂಕಾಗುತ್ತದೆ. ಹೆಸರು ಕಾಲರ್ ಮೈಕ್ ಆದರೂ ಕಾಲರಿಗೆ ಹಾಕುವಂತಿಲ್ಲ ಅನ್ನುವುದು ಈ ಕಸುಬಿನ ತಮಾಷೆ. ಜುಬ್ಬದ ಗುಂಡಿಪಟ್ಟಿಗೂ ಇದೇ ಲೆಕ್ಕ. ನಿರೂಪಕರು ಒಂದು ತುದಿಯಲ್ಲಿ ಕೂರುವುದರಿಂದ ಅತಿಥಿಗಳೆಲ್ಲ ಹೆಚ್ಚು ಹೊತ್ತು ಅವರ ಕಡೆಗೇ ಕತ್ತು ಹೊರಳಿಸಿರುತ್ತಾರೆ. ಕ್ಲಿಪ್ಪನ್ನು ಆ ಮಗ್ಗುಲಿಗೆ ಎರಡು ಬೆರಳು ಸರಿಸಿ. ಪ, ಬ, ಭ ಅಂದಾಗ ಬುಸ್ ಬರುವವರಿಗೆ, ಮೂಗಿನಲ್ಲಿ ಜೋರಾಗಿ ಉಸಿರು ಬಿಡುವವರಿಗೆ ಮೈಕನ್ನು ತಲೆಕೆಳಗಾಗಿ ಸಿಕ್ಕಿಸಿ. ಓಮ್ನಿಗೆ ಮುಖ ಎತ್ತಲಿದ್ದರೂ ನಡೆಯುತ್ತದೆ, ಗಾಳಿ ಮಾತ್ರ ನೇರ ಬಡಿಯುವುದಿಲ್ಲ. ಕ್ಲಿಪ್ಪಿನ ಕೆಳಗೆ ತಂತಿಯನ್ನು ಒಂದು ಸುತ್ತು ಸುತ್ತಿ ಅದೇ ಕ್ಲಿಪ್ಪಿಗೆ ಕಚ್ಚಿಸಿ, ಆಗ ಯಾರಾದರೂ ತಂತಿ ಎಳೆದರೂ ಆ ಸದ್ದು ಮೈಕಿನವರೆಗೆ ಹತ್ತುವುದಿಲ್ಲ.

ಸೀರೆಗೆ ಬರೋಣ. ಹನ್ನೊಂದನೇ ನಿಮಿಷದಲ್ಲಿ ಮಾತಾಡುವ ಅಮ್ಮನವರು ಗರಿಗರಿ ರೇಷ್ಮೆ ಸೀರೆ ಉಟ್ಟಿದ್ದಾರೆ, ರೇಷ್ಮೆಯ ಊರಲ್ಲಿ ಇನ್ನೇನು ಉಡುತ್ತಾರೆ. ಮೈಕು ಸೆರಗಿನ ನೆರಿಗೆಯ ಮೇಲಿದೆ. ಅವರು ಉಸಿರೆಳೆದಾಗಲೆಲ್ಲ ಪಟ್ಟೆಯ ಎರಡು ಪದರ ಒಂದಕ್ಕೊಂದು ಉಜ್ಜಿ ಚರಚರ ಅನ್ನುತ್ತಿದೆ. ನಕ್ಕಾಗ ತಾಳಿಯ ಗುಂಡು ಮೈಕಿನ ತಲೆಗೆ ಟಕ್ ಟಕ್ ಬಡಿಯುತ್ತಿದೆ. ಸೆರಗಿನ ಅಂಚನ್ನು ಅವರೇ ಪಿನ್ ಹಾಕಿ ಬಿಗಿಮಾಡಿಕೊಂಡ ಜಾಗ ಒಂದು ಇರುತ್ತದೆ, ಭುಜದಿಂದ ಕೆಳಗೆ ಎದೆಯ ಓರೆಯಲ್ಲಿ. ಅಲ್ಲಿ ಬಟ್ಟೆ ಅಲುಗಾಡುವುದಿಲ್ಲ. ಕ್ಲಿಪ್ಪು ಆ ಅಂಚಿಗೆ ಬರಲಿ, ಸರದ ಜಾಡಿನಿಂದ ಹೊರಗೆ. ಉದ್ದ ಸರ ಇದ್ದರೆ ಅದನ್ನು ಸೆರಗಿನ ಒಳಕ್ಕೆ ಹಾಕಿಕೊಳ್ಳುತ್ತೀರಾ ಅಂತ ಕೇಳಿ. ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಪ್ಲಾಸ್ಟರಿನ ಒಂದು ತುಂಡನ್ನು ಮಡಚಿ ಮೈಕಿನ ಹಿಂದೆ ಅಂಟಿಸಿದರೆ ಪದರಗಳು ಉಜ್ಜುವುದು ನಿಲ್ಲುತ್ತದೆ. ಇದನ್ನೆಲ್ಲ ಮಾಡಲು ತಂಡದಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು. ಹುಡುಗ ಹೋಗಿ ದೂರದಿಂದ ಕೈಚಾಚಿ, ಅವನಿಗೂ ಮುಜುಗರ, ಅವರಿಗೂ ಮುಜುಗರ, ಮೈಕು ಎಲ್ಲೋ ಒಂದು ಕಡೆ ನೇತಾಡುತ್ತದೆ. ತಂತಿಯ ಮೈಕಾದರೆ ಬೆಲ್ಟ್‌ಪ್ಯಾಕ್ ಸಿಕ್ಕಿಸುವ ತಾಪತ್ರಯವೂ ತಪ್ಪಿತು, ಸೀರೆಗೆ ಬೆಲ್ಟ್ ಎಲ್ಲಿಂದ ಬಂತು. ಪಂಚೆಯವರಿಗೂ ಅದೇ ಸುಖ.

ಮತ್ತೊಂದು ನಮ್ಮದೇ ಆದ ಶತ್ರು ಇದೆ, ಸನ್ಮಾನ. ಕೆಲವು ವರ್ಷದ ಹಿಂದೆ ತುಮಕೂರಿನ ಒಂದು ಸಭಾಂಗಣದಲ್ಲಿ ಸಂವಾದದ ಧ್ವನಿ ನನ್ನ ಜವಾಬ್ದಾರಿಯಾಗಿತ್ತು. ಆರು ಜನರಿಗೂ ಮೈಕ್ ಸಿಕ್ಕಿಸಿ, ಒಬ್ಬೊಬ್ಬರ ಲೆವೆಲ್ ನೋಡಿ, ಮೀಸೆ ತಿರುವಿಕೊಂಡು ಮಿಕ್ಸರ್ ಹಿಂದೆ ಕೂತೆ. ಸಂಘಟಕರು ನೇರಪ್ರಸಾರ ಶುರುವಾದ ಮೇಲೆ ಆರೂ ಜನಕ್ಕೆ ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಪೇಟ ತೊಡಿಸಿದರು. ಆರೂ ಮೈಕು ಶಾಲಿನೊಳಗೆ ಮುಚ್ಚಿಹೋದವು, ಹಾರದ ಮಣಿಗಳು ಮೈಕಿನ ಮೇಲೆ ರಾಗಿ ಬೀಸಿದ ಹಾಗೆ ಸದ್ದು ಮಾಡಿದವು. ಶಾಲು ತೆಗೆಯಿರಿ ಅಂತ ಕೇಳಲು ಯಾರಿಗೂ ಬಾಯಿ ಬರಲಿಲ್ಲ, ಗೌರವದ ಪ್ರಶ್ನೆ. ಮೊದಲ ಇಪ್ಪತ್ತು ನಿಮಿಷ ಹಾಗೇ ಹೋಯಿತು. ಸಂಘಟಕರು ಆಮೇಲೆ ಬೈದದ್ದು ನನಗೇ. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಎಷ್ಟು ಮೈಕ್ ಅಂತ ಅಲ್ಲ, ಶಾಲು ಯಾವಾಗ ಅಂತ. ಕೊನೆಯಲ್ಲಿ ಇಟ್ಟುಕೊಳ್ಳಿ, ಇಲ್ಲವೇ ಮೈಕ್ ಸಿಕ್ಕಿಸುವ ಮುಂಚೆಯೇ ಮುಗಿಸಿ.

ಐದು ಮೈಕೂ ಸರಿಯಾಗಿ ಕೂತವು ಅಂದುಕೊಳ್ಳಿ. ಐದನ್ನೂ ಒಂದು ಗಂಟೆ ತೆರೆದಿಟ್ಟರೆ ಮತ್ತೆ ಅರ್ಧ ಬಾವಿ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೋಣೆಯ ಗುಂಯ್‌ಗುಡುವಿಕೆ 3 ಡೆಸಿಬಲ್ ಏರುತ್ತದೆ. ಐದಕ್ಕೆ 7 ಡೆಸಿಬಲ್. ಮಾತಾಡುವವರು ಒಬ್ಬರೇ, ಕೋಣೆಯನ್ನು ಕೇಳಿಸಿಕೊಳ್ಳುವವರು ಐವರು. ನಿಮ್ಮ ಮಿಕ್ಸರ್ ಹುಡುಗ ಫೇಡರುಗಳನ್ನು, ಅಂದರೆ ಒಂದೊಂದು ಮೈಕಿನ ಧ್ವನಿ ಏರಿಸಿ ಇಳಿಸುವ ಗುಂಡಿಗಳನ್ನು, ಒಂದೇ ಗೆರೆಗೆ ನಿಲ್ಲಿಸಿ ಕ್ಯಾಮೆರಾ ಸ್ವಿಚಿಂಗ್ ಕೂಡ ನೋಡಿಕೊಳ್ಳುತ್ತಿದ್ದಾನೆ ಅಂತ ಬರೆದಿದ್ದೀರಿ. ಒಬ್ಬನಿಂದ ಎರಡೂ ಆಗದು.

ಇದಕ್ಕೆ ಮದ್ದು ಆಟೋಮಿಕ್ಸ್. 1970ರ ದಶಕದಲ್ಲಿ ಡ್ಯಾನ್ ಡುಗನ್ ಎಂಬ ಅಮೆರಿಕದ ರಂಗಭೂಮಿಯ ಧ್ವನಿ ವಿನ್ಯಾಸಕ ಮಾಡಿದ ಉಪಾಯ ಇದು. ನಿಮ್ಮ ಜಿಲ್ಲೆಯವರಿಗೆ ವಿವರಿಸುವುದು ಸುಲಭ, ಕೆರೆ ತೂಬಿನ ಹತ್ತಿರ ನಿಂತ ನೀರಗಂಟಿಯನ್ನು ನೆನೆಸಿಕೊಳ್ಳಿ. ತೂಬಿನಿಂದ ಬರುವ ನೀರು ಇಷ್ಟೇ. ಯಾರ ಗದ್ದೆಗೆ ಬೇಕೋ ಅವರ ಕಡೆ ಹೆಚ್ಚು ಬಿಡುತ್ತಾನೆ, ಉಳಿದವರದ್ದು ಅಷ್ಟೇ ಕಮ್ಮಿ ಮಾಡುತ್ತಾನೆ, ಒಟ್ಟು ಹರಿವು ಬದಲಾಗದು. ಆಟೋಮಿಕ್ಸ್ ಕೂಡ ಎಲ್ಲ ಮೈಕುಗಳ ಒಟ್ಟು ಗೇನನ್ನು ಒಂದು ಮೈಕಿನಷ್ಟಕ್ಕೇ ಕಟ್ಟಿಹಾಕಿ, ಮಾತಾಡುವವರ ಕಡೆ ತಿರುಗಿಸುತ್ತದೆ. ಇಬ್ಬರು ಒಟ್ಟಿಗೆ ಜಗಳವಾಡಿದರೆ ಇಬ್ಬರಿಗೂ 3 ಡೆಸಿಬಲ್ ಇಳಿಸಿ ಹಂಚುತ್ತದೆ. ಎಲ್ಲರೂ ಸುಮ್ಮನಿದ್ದರೆ ಎಲ್ಲಕ್ಕೂ ಸಮಪಾಲು. ಗೇಟ್ ಅನ್ನುವ ಇನ್ನೊಂದು ಗುಂಡಿ ಇರುತ್ತದಲ್ಲ, ಮಾತು ನಿಂತ ಕೂಡಲೇ ಮೈಕನ್ನೇ ಮುಚ್ಚಿಬಿಡುವಂಥದ್ದು, ಅದನ್ನು ಇಲ್ಲಿ ಮುಟ್ಟಬೇಡಿ. ವಾಕ್ಯದ ಮೊದಲ ಅಕ್ಷರವನ್ನೇ ನುಂಗುತ್ತದೆ, ‘ಇಲ್ಲ’ ಅಂದವರು ‘ಲ್ಲ’ ಅಂದ ಹಾಗೆ ಕೇಳುತ್ತದೆ. ಬೆಹ್ರಿಂಗರ್‌ನ ಎಕ್ಸ್‌ಆರ್18ರಂಥ ಚಿಕ್ಕ ಡಿಜಿಟಲ್ ಮಿಕ್ಸರಿನಲ್ಲೂ ಆಟೋಮಿಕ್ಸ್ ಇದೆ. ಅದು ಯುಎಸ್‌ಬಿ ಮೂಲಕ ಪ್ರತಿಯೊಂದು ಮೈಕನ್ನೂ ಬೇರೆಬೇರೆ ಟ್ರ್ಯಾಕಾಗಿ ಕಂಪ್ಯೂಟರಿಗೆ ಕೊಡುತ್ತದೆ, ಎಡಿಟಿಂಗ್‌ನಲ್ಲಿ ಒಬ್ಬರ ಕೆಮ್ಮನ್ನು ಇನ್ನೊಬ್ಬರ ಮಾತಿನಿಂದ ಬಿಡಿಸಬಹುದು. ನಿಮ್ಮ ಹಣದಲ್ಲಿ ಮೊದಲ ಖರ್ಚು ಇದೇ ಆಗಲಿ. ಮೈಕು ಎರಡನೆಯದು.

ಪ್ರೇಕ್ಷಕರಿಗೆ ಒಂದೇ ಒಂದು ಹ್ಯಾಂಡ್ ಮೈಕ್, ಎಸ್‌ಎಂ58ರಂಥ ಗಟ್ಟಿ ಡೈನಮಿಕ್ ಸಾಕು. ಅದನ್ನು ಯಾರ ಕೈಗೂ ಕೊಡಬೇಡಿ. ಕೊಟ್ಟರೆ ಮೊದಲು ಉಫ್ ಉಫ್ ಅಂತ ಊದುತ್ತಾರೆ, ಆಮೇಲೆ ಹೊಟ್ಟೆಯ ಹತ್ತಿರ ಹಿಡಿದು ಭಾಷಣ ಶುರುಮಾಡುತ್ತಾರೆ, ವಾಪಸು ಕೇಳಿದರೆ ಕೊಡುವುದಿಲ್ಲ. ನಿಮ್ಮ ಹುಡುಗನೇ ಹಿಡಿದು ಅವರ ಗಲ್ಲದ ಹತ್ತಿರ ತರಲಿ. ಚಪ್ಪಾಳೆ ನಗು ಹಿಡಿಯಲು ಆ ಎರಡು ಗೂಸ್‌ನೆಕ್‌ಗಳನ್ನು ಪ್ರೇಕ್ಷಕರ ಮುಂದೆ, ಅವರ ಕಡೆ ಮುಖ ಮಾಡಿ ಇಡಿ. ಆ ಫೇಡರುಗಳು ಸದಾ ಕೆಳಗಿರಲಿ, ಚಪ್ಪಾಳೆ ಬಂದಾಗ ಮಾತ್ರ ಎತ್ತಬೇಕು.

ಫೋನ್ ಕರೆಯವರಿಗೆ ತಮ್ಮದೇ ಮಾತು ತಿರುಗಿ ಕೇಳಿಸಿ ‘ಹಲೋ ಹಲೋ ಎಕೋ ಬರ್ತಾ ಇದೆ’ ಅನ್ನುತ್ತಾರಲ್ಲ, ಅದು ಫೋನಿನ ತಪ್ಪಲ್ಲ. ನೀವು ಪೂರ್ತಿ ಕಾರ್ಯಕ್ರಮದ ಧ್ವನಿಯನ್ನೇ ಫೋನಿಗೆ ವಾಪಸು ಕಳಿಸುತ್ತಿದ್ದೀರಿ, ಅದರಲ್ಲಿ ಕರೆ ಮಾಡಿದವರ ಧ್ವನಿಯೂ ಸೇರಿರುತ್ತದೆ. ಮಿಕ್ಸರಿನ ಒಂದು ಆಕ್ಸ್‌ನಲ್ಲಿ, ಅಂದರೆ ಬೇರೆಯದೇ ಮಿಶ್ರಣವನ್ನು ಹೊರಗೆ ಕೊಡುವ ದಾರಿಯಲ್ಲಿ, ಐದೂ ಮೈಕ್ ಎತ್ತಿ, ಫೋನಿನ ಚಾನೆಲ್ ಮಾತ್ರ ಸೊನ್ನೆಗೆ ಇಳಿಸಿ, ಆ ಆಕ್ಸನ್ನು ಫೋನಿಗೆ ಕೊಡಿ. ಇದಕ್ಕೆ ಮಿಕ್ಸ್ ಮೈನಸ್ ಅನ್ನುತ್ತಾರೆ. ಕರೆಯವರ ಮಾತು ಅತಿಥಿಗಳಿಗೆ ಕೇಳಲು ದೊಡ್ಡ ಸ್ಪೀಕರ್ ಬೇಡ, ಟೀಪಾಯಿ ಕೆಳಗೆ ಅಂಗೈಯಗಲದ ಒಂದು ಸ್ಪೀಕರ್ ಸಣ್ಣ ದನಿಯಲ್ಲಿ ಸಾಕು.

ಲೆವೆಲ್ ನೋಡುವಾಗ ‘ಮೈಕ್ ಟೆಸ್ಟಿಂಗ್ ಒನ್ ಟೂ ತ್ರೀ’ ಹೇಳಿಸಬೇಡಿ, ಆಗ ಎಲ್ಲರೂ ಶಾಲೆಯ ಮಕ್ಕಳ ಹಾಗೆ ತಗ್ಗಿದ ದನಿಯಲ್ಲಿ ಒಪ್ಪಿಸುತ್ತಾರೆ. ಇವತ್ತು ಗೂಡಿನ ರೇಟ್ ಎಷ್ಟಾಯ್ತು ಅಂತ ಕೇಳಿ. ನಿಜವಾದ ದನಿ ಆಗ ಹೊರಗೆ ಬರುತ್ತದೆ. ಮಿಕ್ಸರಿನ ಮೀಟರಿನಲ್ಲಿ ಮಾತು ಮೈನಸ್ 20ರಿಂದ ಮೈನಸ್ 12 ಡೆಸಿಬಲ್ ನಡುವೆ ಆಡುತ್ತಿರಲಿ, ಕೂಗಾಡಿದಾಗಲೂ ಮೈನಸ್ 6 ದಾಟದಿರಲಿ. ಎಲ್ಲ ಮೈಕಿಗೂ 100 ಹರ್ಟ್ಸ್ ಹತ್ತಿರ, ಅದಕ್ಕಿಂತ ತಗ್ಗಿನ ಸದ್ದನ್ನು ಕತ್ತರಿಸುವ ಲೋ ಕಟ್ ಒತ್ತಿ. ಪಕ್ಕದ ರೀಲಿಂಗ್ ಮೋಟಾರಿನ ಗುಂಯ್ಯಿನ ಒಂದು ಪಾಲು ಅಲ್ಲಿಗೆ ಕತ್ತರಿಸುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಆ ಸದ್ದು ಗಾಳಿಯಲ್ಲಿ ಮಾತ್ರ ಬರುತ್ತಿಲ್ಲ, ಗೋಡೆ ನೆಲ ಹಿಡಿದು ಬರುತ್ತಿದೆ. ಯಾವ ಮೈಕಿಗೂ ಅದನ್ನು ತಡೆಯುವ ಶಕ್ತಿಯಿಲ್ಲ. ಅವರು ಯಂತ್ರ ನಿಲ್ಲಿಸುವ ಹೊತ್ತು ಕೇಳಿಕೊಂಡು ಶೂಟಿಂಗ್ ಇಟ್ಟುಕೊಳ್ಳಿ. ಫ್ಯಾನ್ ಆರಿಸಿ. ಎಲ್ಲರೂ ಕೂತ ಮೇಲೆ, ಮಾತು ಶುರುವಾಗುವ ಮುಂಚೆ ಅರ್ಧ ನಿಮಿಷ ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಎಡಿಟ್ ಮಾಡುವಾಗ ತುಂಡುಗಳ ನಡುವೆ ಹಚ್ಚಲು ಬೇಕಾಗುತ್ತದೆ.

ಕೊನೆಗೆ ಹಾಸಿಗೆ. ಶಬ್ದ ನುಂಗಲು ದಪ್ಪ ಬೇಕು, ನಾರು ಬೇಕು, ಒಳಗೆ ಗಾಳಿ ಹೊಕ್ಕು ಸೋಲುವ ಹಾಗಿರಬೇಕು. ಮೊಟ್ಟೆ ಟ್ರೇ ತೆಳು ರಟ್ಟು, ಕೀಚಲು ಸದ್ದನ್ನು ಒಂದಿಷ್ಟು ಚದುರಿಸಬಹುದು, ಅಷ್ಟೇ. ಎರಡು ಇಂಚಿನ ರಾಕ್‌ವುಲ್ (ಕಲ್ಲಿನ ನಾರು) ಹಲಗೆಗೆ ಬಟ್ಟೆ ಹೊದಿಸಿ ಗೋಡೆಯಿಂದ ಎರಡು ಇಂಚು ಬಿಟ್ಟು ತೂಗುಹಾಕುವುದು ಸರಿಯಾದ ದಾರಿ. ಅದಕ್ಕೆ ಹಣ ಸಾಲದಿದ್ದರೆ ಊರಿನ ಹಾಸಿಗೆಯವನ ಹತ್ತಿರ ಹತ್ತಿ ತುಂಬಿದ ಆರು ಹಾಸಿಗೆ ಹೊಲಿಸಿ. ನಾಲ್ಕನ್ನು ಅತಿಥಿಗಳ ಎದುರು ಗೋಡೆಗೆ, ಕ್ಯಾಮೆರಾಗಳ ಹಿಂದೆ ನಿಲ್ಲಿಸಿ. ಎರಡನ್ನು ಅವರ ತಲೆಯ ನೇರಕ್ಕೆ ಸೂರಿಗೆ ಕಟ್ಟಿ, ಹುಕ್ಕು ಗಟ್ಟಿಯಾಗಿರಲಿ, ಶಾಸಕರ ಮೇಲೆ ಬಿದ್ದೀತು. ನೆಲಕ್ಕೆ ಜಮಖಾನ. ನಾಲ್ಕೂ ಗೋಡೆ ಮುಚ್ಚುವ ಅಗತ್ಯವಿಲ್ಲ. ಕಟ್ಟಿದ ಮೇಲೆ ಸೋಫಾದಲ್ಲಿ ಕೂತು ಒಂದು ಚಪ್ಪಾಳೆ ತಟ್ಟಿ. ಈಗ ಬರುವ ಆ ಟಣ್ಣನೆಯ ಬಾಲ ಮೊಟಕಾಗಿದ್ದರೆ ಸಾಕು.

ಮೊಟ್ಟೆ ಟ್ರೇಗಳಲ್ಲಿ ಲೈಟುಗಳ ಹತ್ತಿರ ಇರುವುದನ್ನೆಲ್ಲ ಇವತ್ತೇ ಕಿತ್ತುಹಾಕಿ. ಒಣ ರಟ್ಟು, ಬಿಸಿ ಲೈಟು, ಬೆಂಕಿಗೆ ಇನ್ನೇನೂ ಬೇಕಾಗಿಲ್ಲ. ಉಳಿದವನ್ನು ಕೀಳಲು ಹೋದರೆ ಫೆವಿಕಾಲ್ ಜೊತೆ ಗೋಡೆಯ ಬಣ್ಣವೂ ಬಂದು ಮಾಲೀಕರು ಜಗಳಕ್ಕೆ ಬರುತ್ತಾರೆ ಅಂತ ಬರೆದಿದ್ದೀರಿ. ಮುಂದಿನ ಸುಣ್ಣಬಣ್ಣದ ಹೊತ್ತಿಗೆ ಅವನ್ನೂ ತೆಗೆಸಿಬಿಡಿ, ಅಲ್ಲಿಯವರೆಗೆ ಹಾಸಿಗೆಗಳನ್ನು ಅವುಗಳ ಮುಂದೆಯೇ ನಿಲ್ಲಿಸಿ. ಎರಡು ಇಂಚಿನ ಸಂದು ಹೇಗೂ ಬೇಕಿತ್ತು, ಟ್ರೇ ಅದಕ್ಕಾದರೂ ಆಯಿತು.